ಆಟ ಮುಗಿದ ಮೇಲೆ ಕೈಬದಲಾದ ಮುನ್ನೂರು ರೂಪಾಯಿ

ಪತ್ರದ ಸಾರ: ಶಿರಸಿ ಸಮೀಪದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ. ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿ ನಿವೃತ್ತರಾದ ಅವರು ಈಗ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಬೆಂಗಳೂರಿನ ಮಗನ ಮನೆಗೆ ಹೋಗಿದ್ದಾಗ ಮಗ ಅವರನ್ನು ಭಾನುವಾರ ಬೆಳಿಗ್ಗೆ ಗಾಲ್ಫ್ ಮೈದಾನಕ್ಕೆ ಕರೆದೊಯ್ದನಂತೆ. ನಾಲ್ವರು ಗೆಳೆಯರು ಇಬ್ಬಿಬ್ಬರಾಗಿ ನಾಲ್ಕು ತಾಸು ಆಡಿದರು. ಕಾಫಿಗೆ ಕುಳಿತಾಗ ಮಗನೂ ಅವನ ಜೊತೆಗಾರನೂ ಎದುರು ಪಕ್ಷದವರಿಗೆ ತಲಾ ನೂರರ ಮೂರು ನೋಟು ಎಣಿಸಿ ಕೊಟ್ಟರು. “ಓಸಿ ಎಂಬ ಅಂಕಿ ಜೂಜಿನ ವಿರುದ್ಧ ಪುಟಗಟ್ಟಲೆ ಬರೆಯುವ ನಿಮ್ಮ ಪತ್ರಿಕೆ ಈ ಇಸ್ತ್ರಿ ಅಂಗಿಯ ಜೂಜಿನ ಬಗ್ಗೆ ಏಕೆ ಸುಮ್ಮನಿದೆ?” ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಮಾನ್ಯರೇ,

ತಮ್ಮ ಪತ್ರವನ್ನು ಎರಡು ಸಲ ಓದಿದೆ. ಇಷ್ಟು ಚೊಕ್ಕ ಅಕ್ಷರದಲ್ಲಿ, ಹಾಳೆಯ ಎಡಕ್ಕೆ ಅಂಚು ಬಿಟ್ಟು ಬರೆದ ಪತ್ರ ನಮ್ಮ ಕಚೇರಿಗೆ ಬಂದು ಬಹಳ ಕಾಲವಾಗಿತ್ತು. ಕೊಟ್ಟವರು ಯಾರು, ಪಡೆದವರು ಯಾರು, ನೋಟು ಎಷ್ಟು ಎಂಬುದನ್ನೆಲ್ಲ ತಾವು ಜಮಾಖರ್ಚಿನಂತೆ ದಾಖಲಿಸಿದ್ದೀರಿ. ಆದರೆ ನಾಲ್ಕು ತಾಸು ನಡೆದ ಆಟ ಹೇಗಿತ್ತು ಎಂಬ ಬಗ್ಗೆ ಪತ್ರದಲ್ಲಿ ಒಂದು ವಾಕ್ಯವೂ ಇಲ್ಲ. ನನ್ನ ತಕರಾರು ಅಲ್ಲಿಂದಲೇ ಆರಂಭವಾಗುತ್ತದೆ.

ತಮ್ಮ ಆತಂಕ ಸುಳ್ಳೆಂದು ನಾನು ಹೇಳಲಾರೆ. ಪಣ ಎಂಬುದು ಹಲಸಿನ ಅಂಟಿನಂಥದ್ದು. ಎಣ್ಣೆ ಹಚ್ಚಿಕೊಳ್ಳದೆ ಕೈ ಹಾಕಿದವನು ಪಡುವ ಪಾಡನ್ನು ಈ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಚೀಟಿ ಬರೆಸಿ ಬರೆಸಿ ಕೊನೆಗೆ ಹೆಂಡತಿಯ ಕೊರಳಿನದನ್ನೂ ಅಡವಿಟ್ಟವರನ್ನು ನಾನೂ ಕಂಡಿದ್ದೇನೆ. ಇಷ್ಟನ್ನು ಒಪ್ಪಿಕೊಂಡ ಮೇಲೆ, ತಮ್ಮ ಮಗ ಆಡಿದ್ದು ಜೂಜಲ್ಲ ಎಂದು ಸ್ಪಷ್ಟವಾಗಿ ಹೇಳುವ ಸ್ವಾತಂತ್ರ್ಯವನ್ನು ತೆಗೆದುಕೊಳ್ಳುತ್ತೇನೆ. ಪಣದ ಮೊತ್ತ ಸಣ್ಣದೆಂಬ ಕಾರಣಕ್ಕೆ ಈ ಮಾತು ಹೇಳುತ್ತಿಲ್ಲ. ಪಣ ಕಟ್ಟಿದವನೇ ಬೆವರು ಸುರಿಸಿ ಆಡಿದ, ಸೋತಾಗ ತನ್ನ ಕಿಸೆಯಿಂದಲೇ ತೆತ್ತ, ಪಡೆದವನು ಎದುರಿಗೇ ಕುಳಿತಿದ್ದ ಗೆಳೆಯ. ನಡುವೆ ಪಾಲು ಹೊಡೆಯುವ ಮೂರನೆಯವನಿರಲಿಲ್ಲ. ಈ ನಾಲ್ಕು ಗುಣ ಕೂಡಿದಲ್ಲಿ ಅದನ್ನು ಪಂಥ ಎನ್ನಬೇಕು. ಪಂಥಕ್ಕೂ ಜೂಜಿಗೂ ವ್ಯತ್ಯಾಸ ಕಾಣದಷ್ಟು ನಮ್ಮ ಕಣ್ಣು ಮಂಜಾಗಿರುವುದು ನನ್ನ ಬಹುದಿನದ ಕೊರಗು.

ತಾವು ವರ್ಣಿಸಿದ ನೂರರ ಮೂರು ನೋಟಿಗೆ ಗಾಲ್ಫ್ ಆಡುವವರಲ್ಲಿ ಒಂದು ಹೆಸರಿದೆ: ನ್ಯಾಸೊ. ಅಮೆರಿಕದ ಲಾಂಗ್ ಐಲೆಂಡ್‌ನ ಕ್ಲಬ್ಬೊಂದರಿಂದ ಬಂದ ಹೆಸರದು. ಹದಿನೆಂಟು ಕುಳಿಗಳ ಆಟದಲ್ಲಿ ಮೊದಲ ಒಂಬತ್ತಕ್ಕೆ ಒಂದು ಪಣ, ಕೊನೆಯ ಒಂಬತ್ತಕ್ಕೆ ಒಂದು, ಒಟ್ಟು ಆಟಕ್ಕೆ ಒಂದು. ಮೊದಲರ್ಧದಲ್ಲಿ ಮಣ್ಣುಮುಕ್ಕಿದವನಿಗೂ ಎರಡನೆಯ ಅರ್ಧದಲ್ಲಿ ತಲೆಯೆತ್ತಲು ಅವಕಾಶವಿರಲೆಂದು ಮಾಡಿದ ಏರ್ಪಾಡು ಇದು. ತಮ್ಮ ಮಗ ಮೂರನ್ನೂ ಸೋತಿರುವಂತೆ ತೋರುತ್ತದೆ. ಆ ಭಾನುವಾರ ಅವನ ಆಟ ಚೆನ್ನಾಗಿರಲಿಲ್ಲ ಎಂಬುದಷ್ಟೇ ಇದರಿಂದ ಸಿದ್ಧವಾಗುವ ದೋಷ.

ಗಾಲ್ಫಿನ ನಿಯಮಗಳನ್ನು ರೂಪಿಸುವ ಎರಡು ಸಂಸ್ಥೆಗಳಿವೆ. ಒಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ, ಇನ್ನೊಂದು ಅಮೆರಿಕದ ಗಾಲ್ಫ್ ಸಂಘ. ಹವ್ಯಾಸಿ ಆಟಗಾರ ಪಡೆಯಬಹುದಾದ ಬಹುಮಾನದ ಹಣಕ್ಕೆ ಕಟ್ಟುನಿಟ್ಟಾದ ಮಿತಿ ಹಾಕಿರುವ ಈ ಸಂಸ್ಥೆಗಳೇ ಗೆಳೆಯರ ನಡುವಣ ಪಣಕ್ಕೆ ಅಭ್ಯಂತರವಿಲ್ಲ ಎಂದಿವೆ. ಅದಕ್ಕೆ ಹಾಕಿರುವ ಷರತ್ತುಗಳನ್ನು ಗಮನಿಸಿ: ಆಡುವವರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು, ಯಾರಿಗೂ ಒತ್ತಾಯವಿರಕೂಡದು, ಪಣ ಆಡುವವರಿಗೆ ಮಾತ್ರ ಸೀಮಿತವಾಗಿರಬೇಕು, ಹಣವೆಲ್ಲ ಆಟಗಾರರ ಕೈಯಿಂದಲೇ ಬಂದಿರಬೇಕು, ಮೊತ್ತ ಅತಿಯಾಗಬಾರದು. ನಮ್ಮೂರ ಹಿರಿಯರು ಚಾವಡಿಯಲ್ಲಿ ಕುಳಿತು ಮಾಡಿದ ಕಟ್ಟಳೆಯಂತಿಲ್ಲವೇ ಇದು?

ಇನ್ನು ಕಾನೂನಿನ ಮಾತು. ನಾನು ವಕೀಲನಲ್ಲ, ಆದರೆ ಓದಲು ಬರುತ್ತದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿನ ಅಡ್ಡೆಗಳನ್ನು ದಂಡಿಸುತ್ತದೆ. ಅದರ 176ನೇ ಕಲಮು ಮಾತ್ರ, ಶುದ್ಧ ಕೌಶಲದ ಆಟಕ್ಕೂ ಅಂಥ ಆಟದಲ್ಲಿ ಪಾಲ್ಗೊಂಡವರೇ ಕಟ್ಟುವ ಪಣಕ್ಕೂ ಆ ಕಲಂಗಳು ಅನ್ವಯಿಸುವುದಿಲ್ಲ ಎಂದಿತ್ತು. ‘ಪಾಲ್ಗೊಂಡವರೇ’ ಎಂಬ ಪದವನ್ನು ಬರೆದ ಆ ಅಜ್ಞಾತ ಕರಡುಗಾರನಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ. 2021ರ ತಿದ್ದುಪಡಿಯಲ್ಲಿ ಸರ್ಕಾರ ಮೊಬೈಲ್ ಜೂಜನ್ನು ಹಿಡಿಯಹೊರಟು, ಬಲೆಯನ್ನು ಎಷ್ಟು ಅಗಲಕ್ಕೆ ಬೀಸಿತೆಂದರೆ ಈ ವಿನಾಯಿತಿಯೂ ಅದರಲ್ಲಿ ಸಿಕ್ಕಿಬಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ಗೆದ್ದ ಪಣವನ್ನು ವಸೂಲು ಮಾಡಿಕೊಡಿ ಎಂದು ತಮ್ಮ ಮಗನ ಗೆಳೆಯರು ನ್ಯಾಯಾಲಯಕ್ಕೆ ಹೋಗುವಂತೆಯೂ ಇಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಒಪ್ಪಂದಕ್ಕೆ ಬೆಲೆಯಿಲ್ಲ. ಕೊಡದಿದ್ದರೆ ಕೇಳುವವರಿಲ್ಲ ಎಂದು ಗೊತ್ತಿದ್ದೂ ತಮ್ಮ ಮಗ ಕಾಫಿ ಆರುವುದರೊಳಗೆ ಎಣಿಸಿ ಕೊಟ್ಟ. ಸಾಲ ವಸೂಲಿಯ ಕಷ್ಟವನ್ನು ಸಂಘದಲ್ಲಿ ಕಂಡುಂಡ ತಮಗೆ ಇದು ಮೆಚ್ಚುಗೆಯಾಗಬೇಕಿತ್ತು.

ತಾವು ಪತ್ರದಲ್ಲಿ ಧರ್ಮರಾಯನನ್ನು ನೆನೆದಿದ್ದೀರಿ. ಒಳ್ಳೆಯದಾಯಿತು. ಸಭಾಪರ್ವದ ಆ ದ್ಯೂತದಲ್ಲಿ ಕೌರವರ ಕಡೆಯಿಂದ ಪಣಕ್ಕೆ ಒಡ್ಡಿದ ಐಶ್ವರ್ಯ ಯಾರದು, ದಾಳ ಎಸೆದವರು ಯಾರು? ಐಶ್ವರ್ಯ ದುರ್ಯೋಧನನದು, ಎಸೆದವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ತನಗೆ ಸರಿಕಾಣುವುದಿಲ್ಲವೆಂದು ಯುಧಿಷ್ಠಿರ ಆಟಕ್ಕೆ ಮೊದಲೇ ಆಕ್ಷೇಪಿಸುತ್ತಾನೆ. ಆಕ್ಷೇಪಿಸಿದವನು ಎದ್ದುಹೋಗದೆ ಕುಳಿತದ್ದು ಅವನ ಕೇಡು. ಹಲವು ವರ್ಷಗಳ ಹಿಂದೆ ಸಿದ್ದಾಪುರದ ಕಡೆಯ ತಾಳಮದ್ದಳೆಯೊಂದರಲ್ಲಿ ಶಕುನಿಯ ಅರ್ಥ ಹೇಳಿದವರು ಬೆಳಗಿನ ಜಾವ ಮೂರರ ಹೊತ್ತಿಗೆ ತಮ್ಮ ಬಲಗೈಯನ್ನು ದೀಪದೆದುರು ಚಾಚಿ, “ನೋಡಿ, ಈ ಕೈ ನಡುಗುವುದಿಲ್ಲ, ಹೋದರೆ ಹೋಗುವ ಗಂಟು ನನ್ನದಲ್ಲವಲ್ಲ” ಎಂದರು. ತೂಕಡಿಸುತ್ತಿದ್ದವನು ಎಚ್ಚೆತ್ತು ಕುಳಿತೆ. ಜೂಜಿನ ಬಗ್ಗೆ ನಾನು ಆಮೇಲೆ ಓದಿದ್ದೆಲ್ಲವೂ ಆ ಚಾಚಿದ ಕೈಗೆ ಬರೆದ ಅಡಿಟಿಪ್ಪಣಿಯಂತೆ ಕಂಡಿದೆ.

ಆಡುವವನ ಕೈ ನಡುಗಬೇಕು. ಬಡತನದಲ್ಲಿ ಬೆಳೆದು, ಟೆಕ್ಸಾಸಿನ ಮೈದಾನಗಳಲ್ಲಿ ಕೋಲಿನ ಬದಲು ಸೋಡಾ ಬಾಟಲಿಯಿಂದ ಚೆಂಡು ಹೊಡೆದು ಪಂಥ ಗೆಲ್ಲುತ್ತಿದ್ದ ಲೀ ಟ್ರೆವಿನೊ ಮುಂದೆ ಎರಡು ಬಾರಿ ಅಮೆರಿಕದ ಓಪನ್ ಗಾಲ್ಫ್ ಗೆದ್ದವರು. ಕಿಸೆಯಲ್ಲಿ ಎರಡೇ ಡಾಲರ್ ಇಟ್ಟುಕೊಂಡು ಐದು ಡಾಲರ್ ಪಂಥ ಕಟ್ಟಿ ಆಡುವುದೇ ನಿಜವಾದ ಒತ್ತಡ ಎಂಬ ಅರ್ಥದ ಮಾತು ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಮೂರು ಅಡಿ ದೂರದ ಕುಳಿಗೆ ಚೆಂಡನ್ನು ಮೆಲ್ಲನೆ ದೂಡುವುದು ಮಗುವಿಗೂ ಸಾಧ್ಯ. ಅದರ ಮೇಲೆ ನೂರು ರೂಪಾಯಿ ಇಟ್ಟು, ಎದುರಿಗೆ ಹಳೆಯ ಸಹಪಾಠಿಯನ್ನು ಕೈಕಟ್ಟಿ ನಿಲ್ಲಿಸಿ ನೋಡಿ. ಆ ಮೂರು ಅಡಿ ದೇವಿಮನೆ ಘಟ್ಟವಾಗುತ್ತದೆ.

ಗಾಲ್ಫ್ ಕೋಲು ಹಿಡಿದವನು ನಾನಲ್ಲ. ನನ್ನ ಅನುಭವವೆಲ್ಲ ಶಟ್ಲ್ ಬ್ಯಾಡ್ಮಿಂಟನ್ನಿನದು. 1990ರ ದಶಕದಲ್ಲಿ ಕಾರವಾರದಲ್ಲಿ ನಾವು ನಾಲ್ವರು, ಅಂದರೆ ಒಬ್ಬ ಬ್ಯಾಂಕ್ ಕ್ಯಾಷಿಯರ್, ಒಬ್ಬ ಮೀನು ವ್ಯಾಪಾರಿ, ಒಬ್ಬ ಭೌತಶಾಸ್ತ್ರದ ಉಪನ್ಯಾಸಕ ಮತ್ತು ನಾನು, ಸಂಜೆ ಆರಕ್ಕೆ ಆಡುತ್ತಿದ್ದೆವು. ಸೋತ ಜೋಡಿ ಬನ್ಸ್ ಮತ್ತು ಚಹಾ ಕೊಡಿಸಬೇಕು. ಮೀನು ವ್ಯಾಪಾರಿಗೆ ಐದು ಪಾಯಿಂಟು ಬಿಟ್ಟುಕೊಡುತ್ತಿದ್ದೆವು, ಏಕೆಂದರೆ ಆತ ಬೆಳಗಿನ ಜಾವದಿಂದ ಬಂದರಿನಲ್ಲಿ ನಿಂತು ಬಂದವನು. ಗಾಲ್ಫಿನವರು ಹ್ಯಾಂಡಿಕ್ಯಾಪ್ ಎಂದು ಕರೆಯುವುದು ಇದನ್ನೇ. ಅವರು 2020ರಿಂದ ಅದಕ್ಕೆ ಜಗತ್ತಿಗೆಲ್ಲ ಒಂದೇ ಲೆಕ್ಕ ಮಾಡಿಕೊಂಡಿದ್ದಾರೆ, ಗರಿಷ್ಠ ಮಿತಿ 54. ಎಳೆಯನೂ ಬಲ್ಲವನೂ ಸಮನಾಗಿ ಆಡಲೆಂದು ಕೊಡುವ ಈ ರಿಯಾಯಿತಿಯನ್ನು ಗೆಲ್ಲುವ ಆಸೆಗೆ ಹಿಗ್ಗಿಸಿ ಹೇಳಿಕೊಳ್ಳುವವನನ್ನು ಯಾರೂ ಜೊತೆಗೆ ಸೇರಿಸುವುದಿಲ್ಲ.

ಆ ಕ್ಯಾಷಿಯರ್ ವಿಚಿತ್ರ ಮನುಷ್ಯ. ಒಂದು ಸಂಜೆ, ಇನ್ನೊಂದೇ ಪಾಯಿಂಟು ಬಂದರೆ ಅವನ ಜೋಡಿ ಗೆಲ್ಲಬೇಕು. ಶಟ್ಲ್ ಅವನ ತೋಳಿನ ಪಕ್ಕದಿಂದ ಹಾರಿ ಗೆರೆಯಾಚೆ ಬಿತ್ತು. ನಾವು “ಔಟ್” ಎಂದು ಕೂಗಿ ಆಗಿತ್ತು. ಅವನು ಅಂಗಿಯ ತೋಳನ್ನು ನೋಡಿಕೊಂಡು, “ಇಲ್ಲ, ತಾಗಿತು” ಎಂದ. ಯಾರೂ ಕಂಡಿರಲಿಲ್ಲ. ಆ ಪಾಯಿಂಟಿನಿಂದ ಆಟ ತಿರುಗಿ ಅವನು ಸೋತ. 1925ರ ಅಮೆರಿಕದ ಓಪನ್ ಗಾಲ್ಫಿನಲ್ಲಿ ಬಾಬಿ ಜೋನ್ಸ್ ಎಂಬ ಹವ್ಯಾಸಿ ಆಟಗಾರ, ಹುಲ್ಲಿನಲ್ಲಿದ್ದ ತನ್ನ ಚೆಂಡು ಕೂದಲೆಳೆಯಷ್ಟು ಅಲುಗಿತೆಂದು ತಾನೇ ಹೇಳಿ ತನ್ನ ಮೇಲೆ ಒಂದು ಹೊಡೆತದ ದಂಡ ಹಾಕಿಕೊಂಡ, ಪಂದ್ಯ ಸಮವಾಗಿ, ಕೊನೆಗೆ ಮರು ಆಟದಲ್ಲಿ ಸೋತ ಎಂಬುದನ್ನು ಓದಿದಾಗಲೆಲ್ಲ ನನಗೆ ಕಾಣುವುದು ನಮ್ಮ ಕ್ಯಾಷಿಯರನ ಬೆವರಿದ ತೋಳು. ಅವನಿಗೆ ಹಠಾತ್ತನೆ ಹಳಿಯಾಳಕ್ಕೆ ವರ್ಗವಾಯಿತು. ತಿಂಗಳ ಬಳಿಕ ನನ್ನ ಹೆಸರಿಗೆ 12 ರೂಪಾಯಿಯ ಮನಿ ಆರ್ಡರ್ ಬಂತು. ಕೂಪನ್ನಿನಲ್ಲಿ ಎರಡೇ ಪದ: “ಬನ್ಸ್ ಬಾಬ್ತು”.

ಇದನ್ನು ಓಸಿಯ ಪಕ್ಕದಲ್ಲಿಟ್ಟು ನೋಡಿ. ಓಸಿ ಎಂದರೆ ಓಪನ್, ಕ್ಲೋಸ್; ಈ ಎರಡು ಮಾತುಗಳ ಮೂಲ ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರ. ಅಲ್ಲಿಂದ ಟೆಲಿಪ್ರಿಂಟರ್ ಮೂಲಕ ಮುಂಬಯಿಗೆ ಬರುತ್ತಿದ್ದ ಹತ್ತಿಯ ಆರಂಭದ ಮತ್ತು ಮುಕ್ತಾಯದ ದರದ ಮೇಲೆ ಜನ ಹಣ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತ ಬಳಿಕ ಮಡಕೆಯಿಂದ ಚೀಟಿ ಎತ್ತುವ ಕ್ರಮ ಬಂದು ಅದು ಮಟಕಾ ಆಯಿತು. ಹತ್ತಿ ಬೆಳೆಯದ, ನೇಯದ, ನ್ಯೂಯಾರ್ಕ್ ಕಾಣದ ಕುಮಟಾದ ಕೂಲಿಯವನೊಬ್ಬ ಎಲ್ಲೋ ಎತ್ತುವ ಅಂಕಿಯ ಮೇಲೆ ದಿನದ ಸಂಬಳ ಇಡುವಾಗ ಅವನ ಕೈಗೆ ಮಾಡಲು ಕೆಲಸವೇ ಇಲ್ಲ. ಗೆದ್ದರೆ ಯಾರಿಂದ ಗೆದ್ದೆನೆಂದು ತಿಳಿಯದು, ಸೋತರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಕೌಟಿಲ್ಯನ ದ್ಯೂತಾಧ್ಯಕ್ಷ ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ಪಡೆಯುತ್ತಿದ್ದನಂತೆ; ಪಾಲು ಹೊಡೆಯುವ ಮೂರನೆಯವನು ಎರಡು ಸಾವಿರ ವರ್ಷಗಳಿಂದ ಬಾಗಿಲಲ್ಲೇ ಕುಳಿತಿದ್ದಾನೆ. ಈಚೆಗೆ ಅವನು ಮೊಬೈಲಿನೊಳಗೆ ಹೋಗಿ ಕುಳಿತ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದಾಗ ನಾನು ಸಂತೋಷಪಟ್ಟವನೇ. ಆದರೆ ನಿಷೇಧದಿಂದ ಆ ಹುಡುಗರು ಮೈದಾನಕ್ಕೆ ಮರಳಿದ್ದನ್ನು ಇನ್ನೂ ಕಂಡಿಲ್ಲ.

ಮರಳಲು ಮೈದಾನವಾದರೂ ಎಲ್ಲಿದೆ ಹೇಳಿ. ನಾವು ಶಟ್ಲ್ ಆಡುತ್ತಿದ್ದ ಜಾಗದಲ್ಲಿ ಈಗ ವಾಹನ ನಿಲ್ಲುತ್ತದೆ. ಊರೂರಿನ ವಾಲಿಬಾಲ್ ಪಂದ್ಯಾವಳಿಗೆ ಹೊರಗಿನಿಂದ ಆಟಗಾರರನ್ನು ಕರೆತರುತ್ತಾರೆ, ಮುಖಂಡರ ಚಿತ್ರವುಳ್ಳ ಬ್ಯಾನರ್ ಕಟ್ಟುತ್ತಾರೆ, ಮನುಷ್ಯನೆತ್ತರದ ಟ್ರೋಫಿ ಇಡುತ್ತಾರೆ. ಊರಿನ ಹುಡುಗರು ಕುರ್ಚಿಯಲ್ಲಿ ಕುಳಿತು ಯಾರು ಗೆಲ್ಲುತ್ತಾರೆಂದು ತಮ್ಮ ತಮ್ಮಲ್ಲೇ ಹಣ ಕಟ್ಟುತ್ತಾರೆ. ಆಡಬೇಕಾದವನನ್ನು ಕುರ್ಚಿಗೆ ತಳ್ಳಿದ ಮೇಲೆ ಅವನು ಕುರ್ಚಿಯಲ್ಲಿ ಕುಳಿತು ಮಾಡಬಹುದಾದದ್ದನ್ನೇ ಮಾಡುತ್ತಾನೆ. ನಮ್ಮ ಪತ್ರಿಕೆ ಓಸಿಯ ವಿರುದ್ಧ ಬರೆಯುವುದು ಇದಕ್ಕಾಗಿ, ಭಾನುವಾರದ ನಾಲ್ವರು ಗೆಳೆಯರ ವಿರುದ್ಧ ಬರೆಯದಿರುವುದೂ ಇದಕ್ಕಾಗಿಯೇ.

ತಾವು ಹಿರಿಯರು, ಆದರೂ ಒಂದು ಮಾತು ಕೇಳಿಬಿಡುತ್ತೇನೆ. ಚಾಲಿ ಅಡಿಕೆಯನ್ನು ಸುಲಿದು ಚೀಲ ಕಟ್ಟಿ, ಈ ವಾರದ ಟೆಂಡರಿಗೆ ಬಿಡದೆ, ಮುಂದಿನ ತಿಂಗಳು ದರ ಏರೀತೆಂದು ಅಟ್ಟದ ಮೇಲೆ ಇಟ್ಟು ಕಾಯುವುದನ್ನು ತಾವು ಯಾವ ಖಾತೆಗೆ ಬರೆಯುತ್ತೀರಿ? ಮಗ ಇಟ್ಟದ್ದು ಮುನ್ನೂರು ರೂಪಾಯಿ, ಮತ್ತು ಚೆಂಡು ಅವನ ಕೈಯಲ್ಲಾದರೂ ಇತ್ತು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಕಾಫಿಯ ಮೇಜಿನ ಬಳಿ ಕಾಯದೆ ಹದಿನೆಂಟು ಕುಳಿಯನ್ನೂ ಅವನೊಂದಿಗೆ ನಡೆಯಿರಿ. ಮಂಡಿನೋವಿದ್ದರೆ ಒಂಬತ್ತು ಸಾಕು. ಅಂಕಪಟ್ಟಿ ತಾವೇ ಬರೆಯಿರಿ. ಅಷ್ಟು ಚೊಕ್ಕ ಅಕ್ಷರದ ಲೆಕ್ಕ ಆ ಕ್ಲಬ್ಬು ಕಂಡಿರಲಾರದು.

ಕೊನೆಯದಾಗಿ, ತಮ್ಮ ಪತ್ರದ ಅಡಿಯಲ್ಲಿ, ಸಹಿಯ ಕೆಳಗೆ, ಬೇರೆ ಶಾಯಿಯಲ್ಲಿ ಸೇರಿಸಿದ ಒಂದು ಸಾಲಿದೆ: “ಪಂಥ ಕಟ್ಟಿ ಹೇಳುತ್ತೇನೆ, ಈ ಪತ್ರವನ್ನು ನೀವು ಪ್ರಕಟಿಸುವುದಿಲ್ಲ.” ಅದರ ಸಾರವನ್ನು ಮೇಲೆ ಪ್ರಕಟಿಸಿದ್ದೇನೆ. ಪಣವೇನೆಂದು ತಾವು ನಮೂದಿಸಿಲ್ಲವಾದ್ದರಿಂದ, ನಮ್ಮ ಹಳೆಯ ದರದಂತೆ ಎರಡು ಬನ್ಸ್ ಮತ್ತು ಒಂದು ಚಹಾ ಎಂದು ಹಿಡಿಯುತ್ತೇನೆ. ಕಾರವಾರದ ಕಡೆ ಬಂದಾಗ ಕಚೇರಿಗೆ ಬನ್ನಿ. ಮನಿ ಆರ್ಡರ್ ಬೇಡ.