ಸ್ಕರ್ಟಿಂಗ್ ಕೀಳದೆ ಗೋಡೆಯ ಗೂಡಿನಲ್ಲಿ ಶೆಲ್ಫ್ ಕೂರಿಸುವುದು ಹೇಗೆ?

ಗೋಡೆ ಒಳಸರಿದಿರುವ ಜಾಗದಲ್ಲಿ ನೆಲದಿಂದ ಮೇಲಿನವರೆಗೂ ಶೆಲ್ಫ್ ಬೇಕು, ಆದರೆ ಸುತ್ತ ಸ್ಕರ್ಟಿಂಗ್ (ಗೋಡೆಯ ಬುಡದಲ್ಲಿ ನೆಲಕ್ಕೆ ತಾಗಿ ಹಾಕುವ ಪಟ್ಟಿ) ಇದೆ, ಅದನ್ನು ಕೀಳಬೇಕಾ ಇಲ್ಲ ಹಲಗೆಯನ್ನೇ ಕತ್ತರಿಸಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಬೇಡ.

ನಾನು ಮೊದಲ ಸಲ ಹಲಗೆಯನ್ನೇ ಕತ್ತರಿಸಿದೆ. ಪಕ್ಕದ ಹಲಗೆಯ ಹಿಂದಿನ ಕೆಳಮೂಲೆಗೆ ಸ್ಕರ್ಟಿಂಗ್ ಅಳತೆಯ ಕಚ್ಚು ಹಾಕಿ ಒಳಗೆ ತಳ್ಳಿದೆ. ಹಿಂದುಗಡೆ ಚೆನ್ನಾಗಿ ಕೂತಿತು. ಪಕ್ಕದಲ್ಲಿ ಮಾತ್ರ ಬೆರಳು ತೂರುವಷ್ಟು ಸಂದು! ಸ್ಕರ್ಟಿಂಗ್ ಹಿಂದಿನ ಗೋಡೆಗೆ ಮಾತ್ರ ಅಲ್ಲ, ಎರಡೂ ಪಕ್ಕದ ಗೋಡೆಗೂ ಇರುತ್ತದೆ ಅಲ್ವಾ, ಅದು ನನಗೆ ಹೊಳೆದೇ ಇರಲಿಲ್ಲ. ಪಕ್ಕದ ಸ್ಕರ್ಟಿಂಗ್ 15 ಮಿ.ಮೀ. ಮುಂದೆ ಬಂದಿದ್ದರೆ ಹಲಗೆಯೂ ಉದ್ದಕ್ಕೂ ಅಷ್ಟೇ ದೂರ ನಿಲ್ಲುತ್ತದೆ. ಕಚ್ಚು ಹಾಕಿದ್ದು ಸುಮ್ನೆ ವ್ಯರ್ಥ.

ಆಮೇಲೆ ಕಲಿತ ದಾರಿ ಇದು. ಮೊದಲು ಕೆಳಗೆ ಒಂದು ಪೀಠ ಮಾಡಿ. ಅಂದರೆ ಮರದ ಪಟ್ಟಿಗಳ ಒಂದು ಚೌಕಟ್ಟು, ಸ್ಕರ್ಟಿಂಗ್‌ಗಳ ಮಧ್ಯೆ ಸಲೀಸಾಗಿ ಇಳಿಯುವಷ್ಟು ಅಗಲ, ಎತ್ತರ ಸ್ಕರ್ಟಿಂಗ್‌ಗಿಂತ ಸ್ವಲ್ಪ ಹೆಚ್ಚು. ಸ್ಕರ್ಟಿಂಗ್ 100 ಮಿ.ಮೀ. ಇದ್ದರೆ ಪೀಠ 110 ಇರಲಿ. ನೆಲ ಏರುಪೇರಾಗಿದ್ದರೆ ಅಡಿಗೆ ತೆಳು ಚಕ್ಕೆ ಕೊಟ್ಟು ರಸಮಟ್ಟ ಇಟ್ಟು ಸಮ ಮಾಡಿಕೊಳ್ಳಿ, ಇಲ್ಲಿ ಅರ್ಧ ಗಂಟೆ ಜಾಸ್ತಿ ಹೋದರೂ ಪರವಾಗಿಲ್ಲ, ಪೀಠ ವಾಲಿದರೆ ಮೇಲಿನದ್ದೆಲ್ಲ ವಾಲುತ್ತದೆ. ಶೆಲ್ಫ್‌ನ ಪೆಟ್ಟಿಗೆ ಇದರ ಮೇಲೆ ಕೂರುತ್ತದೆ, ಸ್ಕರ್ಟಿಂಗ್ ತಲೆಯ ಮೇಲಿಂದ ಹಾದು ಗೋಡೆಯ ಹತ್ತಿರಕ್ಕೇ ಹೋಗುತ್ತದೆ. ಒಂದು ಕಡೆಯೂ ಕಚ್ಚು ಬೇಕಿಲ್ಲ.

ಪೀಠ ಬೇರೆ ಮಾಡುವುದರಿಂದ ಇನ್ನೊಂದು ಲಾಭ ಇದೆ. 2400 ಎತ್ತರ, 300 ಆಳದ ಪೆಟ್ಟಿಗೆಯನ್ನು ನೆಲದಲ್ಲಿ ಮಲಗಿಸಿ ಜೋಡಿಸಿ ಎತ್ತಿ ನಿಲ್ಲಿಸುವಾಗ ಅದರ ಮೂಲೆ 2419ರವರೆಗೆ ಹೋಗುತ್ತದೆ. ಚಾವಣಿಗೆ ತಾಗುವಷ್ಟು ಎತ್ತರಕ್ಕೆ ಮಾಡಿದ್ದರೆ ನಿಲ್ಲಿಸಲಿಕ್ಕೇ ಆಗುವುದಿಲ್ಲ. ಪೀಠದ 110 ಮಿ.ಮೀ. ಆಗ ಉಳಿತಾಯ: ಪಕ್ಕದಲ್ಲೇ ನಿಲ್ಲಿಸಿಕೊಂಡು ಆಮೇಲೆ ಮೇಲೆ ಎತ್ತಿಡಬಹುದು, ಇಬ್ಬರು ಬೇಕು.

ಅಗಲ ಅಳೆಯುವಾಗ ಒಂದೇ ಕಡೆ ಅಳೆದು ನಂಬಬೇಡಿ. ಕೆಳಗೆ, ನಡುವೆ, ಮೇಲೆ, ಅದೂ ಹಿಂದೆ ಮುಂದೆ ಎರಡೂ ಕಡೆ ಅಳೆಯಿರಿ. ಗೋಡೆ ನೇರ ಇರುತ್ತದೆ ಅನ್ನೋದು ಬರೀ ನಂಬಿಕೆ. ಸಿಕ್ಕಿದ್ದರಲ್ಲಿ ಅತಿ ಕಡಿಮೆ ಅಳತೆ ಹಿಡಿದು, ಎರಡೂ ಬದಿಗೆ 10 ಮಿ.ಮೀ. ಬಿಟ್ಟು ಪೆಟ್ಟಿಗೆ ಮಾಡಿ. ಆ ಸಂದನ್ನು ಮುಚ್ಚಲು ಮುಂದಿನಿಂದ 40 ಮಿ.ಮೀ. ಅಗಲದ ಪಟ್ಟಿ ಸಾಕು. ಪಟ್ಟಿಯನ್ನು ಗೋಡೆಗೆ ತಾಗಿಸಿ ನೆಟ್ಟಗೆ ಹಿಡಿಯಿರಿ, ಎಲ್ಲಿ ಸಂದು ಅತಿ ದೊಡ್ಡದೋ ಅಷ್ಟೇ ಅಗಲದ ಮರದ ತುಂಡೊಂದನ್ನು ತೆಗೆದುಕೊಳ್ಳಿ. ಅದರ ಒಂದು ಅಂಚು ಗೋಡೆಗೆ ತಾಗಿರಲಿ, ಇನ್ನೊಂದು ಅಂಚಿಗೆ ಪೆನ್ಸಿಲ್ ಒತ್ತಿ ಹಿಡಿದು ಮೇಲಿನಿಂದ ಕೆಳಗೆ ಎಳೆಯಿರಿ. ಗೋಡೆಯ ಉಬ್ಬು ತಗ್ಗೆಲ್ಲ ಪಟ್ಟಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಗೆರೆಯಿಂದ ಸ್ವಲ್ಪ ಹೊರಗೆ ಕತ್ತರಿಸಿ, ಉಳಿದದ್ದನ್ನು ಉಪ್ಪುಕಾಗದದಲ್ಲಿ ಉಜ್ಜಿ. ಹಿಂಬದಿಯ ಅಂಚನ್ನು ಕೊಂಚ ಓರೆ ಮಾಡಿದರೆ ಮುಂದಿನ ಅಂಚು ಗೋಡೆಗೆ ಅಂಟಿಕೊಂಡಂತೆ ಕೂರುತ್ತದೆ.

ಪೀಠದ ಮುಂಭಾಗಕ್ಕೆ ಈಗಿರುವ ಸ್ಕರ್ಟಿಂಗ್‌ನದೇ ಮಾದರಿಯ ಒಂದು ತುಂಡು ಸಿಕ್ಕಿದರೆ ಅದನ್ನೇ ಅಡ್ಡ ಹಾಕಿ, ಸ್ಕರ್ಟಿಂಗ್ ಶೆಲ್ಫ್ ಮುಂದೆಯೂ ಹರಿದು ಹೋದ ಹಾಗೆ ಕಾಣುತ್ತದೆ. ಸಿಗದಿದ್ದರೆ ಸಾದಾ ಪಟ್ಟಿ, ತುದಿಯನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ಸ್ಕರ್ಟಿಂಗ್ ಆಕಾರಕ್ಕೆ ಹೊಂದಿಸಿ ನೋಡಿಕೊಂಡು ಆಮೇಲೆ ಮರ ಮುಟ್ಟಿ. ಗೋಡೆಗೆ ಸ್ಕ್ರೂ ಹಾಕುವ ಮುಂಚೆ ಒಳಗೆ ವೈರು, ಪೈಪು ಎಲ್ಲಿ ಹೋಗಿದೆ ಅಂತ ನೋಡಿಬಿಡಿ.

ಗೂಡು ಅಗಲ ಇದ್ದು 18 ಮಿ.ಮೀ. ಪ್ಲೈವುಡ್ ಹಾಕುವುದಾದರೆ, ಪುಸ್ತಕದ ಭಾರಕ್ಕೆ ನಡುವೆ ಬಾಗುತ್ತದೆ. ಮುಂದಿನ ಅಂಚಿಗೆ ನಿಂತ ಪಟ್ಟಿ ಹೊಡೆದರೆ ಎಷ್ಟೋ ಗಟ್ಟಿ, ಪ್ಲೈ ಪದರವೂ ಕಾಣುವುದಿಲ್ಲ. ಕೊನೆಗೆ ಉಳಿಯುವ ಕೂದಲೆಳೆ ಸಂದಿಗೆ ಸಿಲಿಕಾನ್ ತುಂಬಬೇಡಿ, ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ. ಅಕ್ರಿಲಿಕ್ ಫಿಲ್ಲರ್ ಹಾಕಿ, ಒದ್ದೆ ಬೆರಳಲ್ಲಿ ಒಂದು ಸಲ ಸವರಿಬಿಡಿ.