14 ಗೊದ್ದಗಳ ಬಳಗಕ್ಕೆ ಎಂಥ ಗೂಡು ಬೇಕು?

ಮೊದಲ ಮಳೆಯ ಸಂಜೆ ಅಂಗಳದಲ್ಲಿ ಸಿಕ್ಕ ಗೊದ್ದದ ರಾಣಿಯನ್ನು ಟೆಸ್ಟ್ ಟ್ಯೂಬಿನಲ್ಲಿ ಇಟ್ಟು ಸಾಕುತ್ತಿರುವುದಾಗಿಯೂ, ಈಗ ಅದರ ಬಳಗದಲ್ಲಿ 14 ಕೆಲಸಗಾರ ಇರುವೆಗಳಿರುವುದಾಗಿಯೂ, ಅಂಗಡಿಗಳವರು ತೋರಿಸುವ ಅಕ್ರಿಲಿಕ್, ಪ್ಲಾಸ್ಟರ್ ಮತ್ತು ಜೆಲ್ ಗೂಡುಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ತಿಳಿಯುತ್ತಿಲ್ಲವೆಂದೂ ಬರೆದಿದ್ದೀರಿ. ನೀವು ಗೌರಿಬಿದನೂರಿನವರು, ನಾನು ಶಿಡ್ಲಘಟ್ಟದವನು. ಇಬ್ಬರ ಊರಿನ ಹವೆಯೂ ಹೆಚ್ಚು ಕಡಿಮೆ ಒಂದೇ ಆದ್ದರಿಂದ ನನ್ನ ಅನುಭವ ನಿಮಗೆ ಒದಗೀತು ಎಂದು ಉತ್ತರಿಸುತ್ತಿದ್ದೇನೆ. ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಬಳಗ 30ರ ಆಸುಪಾಸಿಗೆ ಬೆಳೆಯುವವರೆಗೆ ಟ್ಯೂಬಿನಲ್ಲೇ ಇರಲಿ. ಆಮೇಲೆ ಅಂಗೈಯಗಲದ ಒಂದು ಗೂಡನ್ನು ಎಎಸಿ ಬ್ಲಾಕಿನಲ್ಲಿ, ಅಂದರೆ ಗೋಡೆ ಕಟ್ಟುವ ಹಗುರವಾದ ಸಿಮೆಂಟ್ ಇಟ್ಟಿಗೆಯಲ್ಲಿ, ನೀವೇ ಕೊರೆದುಕೊಳ್ಳಿ.

ಹೀಗೆ ಹೇಳಲು ಕಾರಣ ನಮ್ಮ ಮನೆಯ ಕಸುಬಿನಲ್ಲಿದೆ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಚಾಕಿ ಹುಳುವಿಗೆ, ಅಂದರೆ ಮೊಟ್ಟೆಯೊಡೆದು ಬಂದ ಎಳೆಯ ಹುಳುವಿಗೆ, 27-28 ಡಿಗ್ರಿ ಶಾಖದ ಜೊತೆಗೆ ಶೇಕಡ 85ರ ಸುತ್ತಮುತ್ತ ತೇವ ಬೇಕು. ಅದೇ ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ಮೇಲೆ ಶೇಕಡ 70 ದಾಟಿದ ತೇವದಲ್ಲಿ ರೋಗಕ್ಕೆ ಬೀಳುತ್ತದೆ. ಒಂದೇ ಜೀವಕ್ಕೆ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ತೇವ ಬೇಕೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಇರುವೆಗಳಲ್ಲಿಯೂ ಹಾಗೆಯೇ ಮೊಟ್ಟೆಗೂ ಎಳೆಯ ಮರಿಹುಳುವಿಗೂ ತೇವದ ಜಾಗ ಬೇಕು, ಕೋಶ ಕಟ್ಟಿಕೊಂಡ ಮರಿಗೆ ಒಣ ಜಾಗ ಬೇಕು. ಹುಳು ಮನೆಯಲ್ಲಿ ಒದ್ದೆ ಗೋಣಿ ಕಟ್ಟಿ ಆ ತೇವವನ್ನು ನಾವು ಹೊಂದಿಸುತ್ತೇವೆ; ಇರುವೆಗಳಾದರೋ ಮರಿಗಳನ್ನು ತಾವೇ ಬಾಯಲ್ಲಿ ಕಚ್ಚಿಕೊಂಡು ತಕ್ಕ ಕಡೆಗೆ ಒಯ್ಯುತ್ತವೆ. ಅವು ಆರಿಸಿಕೊಳ್ಳಬೇಕಾದರೆ ಗೂಡಿನ ಒಂದು ತುದಿ ಒದ್ದೆಯಾಗಿಯೂ ಇನ್ನೊಂದು ತುದಿ ಒಣಗಿಯೂ ಇರಬೇಕು. ಫ್ರಾನ್ಸಿನ ಶಾರ್ಲ್ ಜಾನೆ ತಮ್ಮ ಇರುವೆ ಗೂಡನ್ನು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಟ್ಟವರು; ಅವರ ಪ್ಲಾಸ್ಟರ್ ಗೂಡುಗಳಲ್ಲಿ ಸಾಲು ಕೋಣೆಗಳಿದ್ದು, ನೀರು ನಿಲ್ಲುತ್ತಿದ್ದುದು ಒಂದು ತುದಿಯಲ್ಲಿ ಮಾತ್ರ. ಗೂಡು ನೋಡಲು ಎಷ್ಟು ಚಂದವಿದೆ ಎಂಬುದಕ್ಕಿಂತ ಮೊದಲು, ಅದರಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಯವರೆಗೆ ಹರಡುತ್ತದೆ ಎಂಬುದನ್ನು ನೋಡಿ.

ಈ ಅಳತೆಯಿಂದ ನೋಡಿದರೆ ಜೆಲ್ ಗೂಡನ್ನು ಕೂಡಲೇ ಬಿಡಬಹುದು. ಅದರಲ್ಲಿ ಎಲ್ಲ ಕಡೆಯೂ ಒಂದೇ ತೇವ. ಮರಿಗಳು ಬೆಳೆಯಲು ಬೇಕಾದ ಪ್ರೋಟೀನ್ ಆ ಜೆಲ್ಲಿನಲ್ಲಿ ಇಲ್ಲ. ಎರಡು ಗಾಜಿನ ನಡುವೆ ಮರಳು ತುಂಬಿದ ಗೂಡಿನಲ್ಲಿ ಇರುವೆಗಳು ಸುರಂಗ ತೋಡುವುದನ್ನು ನೋಡಬಹುದು, ಆದರೆ ಅದು ಕುಸಿದರೆ ರಾಣಿಯನ್ನು ಉಳಿಸುವುದು ಕಷ್ಟ.

ಅಕ್ರಿಲಿಕ್ ಗೂಡಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಮೊದಲ ಬಳಗವನ್ನು ನಾನು ಕಳೆದುಕೊಂಡದ್ದು ಅದರಲ್ಲಿಯೇ. 20 ಇರುವೆಗಳಿದ್ದಾಗ, ಇನ್ನೂರು ಮುನ್ನೂರು ಇರುವೆಗಳು ಹಿಡಿಸುವಂಥ ಗೂಡನ್ನು ತರಿಸಿದೆ. ಬಳಗವೆಲ್ಲ ಒಂದು ಮೂಲೆಯ ಕೋಣೆಯಲ್ಲಿ ಗುಂಪುಗೂಡಿ, ಉಳಿದ ಕೋಣೆಗಳನ್ನು ಕಸ ಹಾಕಲು ಬಳಸಿತು. ತಿಂದು ಬಿಟ್ಟ ಹುಳುಗಳ ಚೂರುಗಳಿಗೆ ಎರಡೇ ವಾರದಲ್ಲಿ ಬೂಷ್ಟು ಹಿಡಿಯಿತು. ಹೆಚ್ಚಿನ ಇರುವೆಗಳ ಎದೆಭಾಗದಲ್ಲಿ ಬೂಷ್ಟು ಮತ್ತು ರೋಗಾಣುಗಳನ್ನು ತಡೆಯುವ ದ್ರವ ಒಸರುವ ಒಂದು ಗ್ರಂಥಿ ಇರುತ್ತದೆ. ಗೊದ್ದ ಸೇರಿರುವ ಕ್ಯಾಂಪೊನೋಟಸ್ ಕುಲದ ಬಹುಪಾಲು ಪ್ರಭೇದಗಳಲ್ಲಿ ಆ ಗ್ರಂಥಿಯೇ ಇಲ್ಲ. ಆದ್ದರಿಂದ ಗೊದ್ದ ಸಾಕುವವರು ಬೂಷ್ಟನ್ನು ಹಗುರವಾಗಿ ಕಾಣಬಾರದು. ಅಕ್ರಿಲಿಕ್ ನೀರನ್ನು ಹೀರುವುದಿಲ್ಲವಾದ್ದರಿಂದ ಹಾಕಿದ ನೀರೆಲ್ಲ ಬೆಳಗಿನ ಜಾವ ಹನಿಗಟ್ಟಿ ಗೋಡೆಯ ಮೇಲೆ ಕೂರುತ್ತಿತ್ತು, ಮಧ್ಯಾಹ್ನಕ್ಕೆ ಪೂರ್ತಿ ಒಣಗುತ್ತಿತ್ತು. ಏಪ್ರಿಲ್ ತಿಂಗಳ ಒಂದು ದಿನ ಕಿಟಕಿಯ ಬಿಸಿಲು ಸರಿದು ಬಂದು ಗೂಡಿನ ಮೇಲೆ ಬಿದ್ದಿತ್ತು. ನಾನು ತೋಟದಿಂದ ಹಿಂತಿರುಗುವಷ್ಟರಲ್ಲಿ ರಾಣಿಯೂ ಸೇರಿದಂತೆ ಒಂದೂ ಉಳಿದಿರಲಿಲ್ಲ. ಆ ದಿನದ ಸಂಕಟ ಇನ್ನೂ ಹೋಗಿಲ್ಲ. ಮುಂದೆ ನೂರಾರು ಇರುವೆಗಳ ಗಟ್ಟಿ ಬಳಗಕ್ಕೆ ನೀವು ಅಕ್ರಿಲಿಕ್ ಬಳಸಬಹುದು, ಆದರೆ ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಎಳೆಯ ಬಳಗಕ್ಕೆ ಅದು ಬೇಡ.

ಪ್ಲಾಸ್ಟರ್ ನೀರನ್ನು ಚೆನ್ನಾಗಿ ಹೀರಿ ನಿಧಾನವಾಗಿ ಬಿಡುತ್ತದೆ. ತೊಂದರೆ ಏನೆಂದರೆ ಅದು ಮೆದು. ಬಲವಾದ ದವಡೆಯ ಇರುವೆಗಳು ಅದನ್ನು ಕೆರೆದು ದಾರಿ ಮಾಡಿಕೊಳ್ಳುತ್ತವೆ, ಸದಾ ಒದ್ದೆಯಾಗಿದ್ದರೆ ಕಪ್ಪು ಬೂಷ್ಟು ಕಲೆ ಕಟ್ಟುತ್ತದೆ.

ಇದೆಲ್ಲ ಆದ ಮೇಲೆ ನಾನು ನೆಚ್ಚಿಕೊಂಡದ್ದು ಮನೆ ಕಟ್ಟುವಾಗ ಗೋಡೆಗೆ ಇಡುವ ಹಗುರವಾದ ಎಎಸಿ ಬ್ಲಾಕನ್ನು. ಯುರೋಪಿನ ಇರುವೆ ಸಾಕಣೆದಾರರು ಇಟಾಂಗ್ ಎಂಬ ಹೆಸರಿನಲ್ಲಿ ಬಳಸುವುದೂ ಇದನ್ನೇ. ಮನೆ ಕಟ್ಟುತ್ತಿರುವ ಕಡೆ ಕೇಳಿದರೆ 4 ಇಂಚು ದಪ್ಪದ ಬ್ಲಾಕಿನ ಮುರುಕನ್ನು ಹಾಗೆಯೇ ಕೊಡುತ್ತಾರೆ. ಗರಗಸದಿಂದ ಅಂಗೈಯಗಲದ ತುಂಡು ಕೊಯ್ದು, ಒಂದು ಮುಖವನ್ನು ಒರಟು ನೆಲದ ಮೇಲೆ ಉಜ್ಜಿ ಸಮ ಮಾಡಿ, ಉಳಿಯಿಂದಲೋ ಹಳೆಯ ಸ್ಕ್ರೂಡ್ರೈವರಿನಿಂದಲೋ ಸುಮಾರು 1 ಸೆಂಟಿಮೀಟರ್ ಆಳದ ನಾಲ್ಕೈದು ಕೋಣೆಗಳನ್ನು ಸಾಲಾಗಿ ಕೊರೆಯಿರಿ; ಬಳಗ ಬೆಳೆದಂತೆ ದೊಡ್ಡ ತಲೆಯ ಗೊದ್ದಗಳು ಹುಟ್ಟುವುದರಿಂದ ಇದಕ್ಕಿಂತ ಕಡಿಮೆ ಆಳ ಸಾಲದು. ಸಾಲಿನ ಒಂದು ತುದಿಯಿಂದ ಎರಡು ಸೆಂಟಿಮೀಟರ್ ಆಚೆಗೆ, ಕೋಣೆಗೆ ಸೇರದಂತೆ, ನೀರಿನ ಗುಂಡಿಯೊಂದನ್ನು ತೋಡಿ. ಕೊರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ತುಂಡನ್ನು ಚೆನ್ನಾಗಿ ತೊಳೆದು, ನೀರು ಬದಲಾಯಿಸುತ್ತ ಎರಡು ದಿನ ನೆನೆಸಿ, ಒಣಗಿಸಿ, ಮೇಲೆ ಗಾಜು ಕೂರಿಸಿ. ಗಾಜಿಗೆ ಸಿಲಿಕೋನ್ ಅಂಟು ಬಳಸಿದರೆ ಅದರ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಇರುವೆಗಳನ್ನು ಒಳಗೆ ಬಿಡಬಾರದು.

ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಇನ್ನೊಂದು ಎಚ್ಚರಿಕೆ ಬೇಕು. ನಮ್ಮ ಬೋರ್‌ವೆಲ್ ನೀರು ಗಡಸು. ಅದನ್ನೇ ಹಾಕುತ್ತ ಬಂದರೆ ಬ್ಲಾಕಿನ ಮೇಲೆ ಬಿಳಿ ಉಪ್ಪು ಕಟ್ಟಿ ಅದರ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ, ಕೆಲವೇ ತಿಂಗಳಲ್ಲಿ ನೀರು ಹರಡುವುದು ನಿಲ್ಲುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಸಿರಿಂಜಿನಲ್ಲಿ ಹಾಕಿ. ಬೇಸಿಗೆಯಲ್ಲಿ ನಾನು ಎರಡು ದಿನಕ್ಕೊಮ್ಮೆ 5 ಮಿಲಿಲೀಟರ್ ಹಾಕುತ್ತೇನೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಸಾಕಾಗುತ್ತದೆ. ದಿನದ ಲೆಕ್ಕಕ್ಕಿಂತ ಬ್ಲಾಕಿನ ಬಣ್ಣ ನೋಡುವುದು ಮೇಲು, ಒದ್ದೆಯಾದ ಭಾಗ ಗಾಢವಾಗಿ ಕಾಣುತ್ತದೆ ಮತ್ತು ಅದು ಅರ್ಧ ಗೂಡನ್ನು ದಾಟಬಾರದು.

ಆಹಾರ ಇಡುವ ಡಬ್ಬಿ ಗೂಡಿನಿಂದ ಬೇರೆಯಾಗಿದ್ದು, ಬೆರಳು ಗಾತ್ರದ ಪಾರದರ್ಶಕ ಪೈಪಿನಿಂದ ಸೇರಿರಲಿ. ಡಬ್ಬಿಯ ಒಳ ಅಂಚಿಗೆ ಟಾಲ್ಕಂ ಪೌಡರನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಲಸಿ ಬಳಿದರೆ ಗೊದ್ದಗಳ ಕಾಲು ಜಾರುತ್ತದೆ. ಜಡಿಮಳೆಯ ದಿನಗಳಲ್ಲಿ ಆ ಲೇಪ ತೇವ ಹಿಡಿದು ಸೋಲುವುದರಿಂದ ಮತ್ತೆ ಬಳಿಯಬೇಕು. ನಿಮ್ಮ ಮನೆಯಲ್ಲಿಯೂ ರೇಷ್ಮೆ ಇದ್ದರೆ ಗೂಡನ್ನು ಹುಳು ಮನೆಯ ಹತ್ತಿರ ಸುಳಿಸಲೇಬೇಡಿ. ಇರುವೆ ಹತ್ತಬಾರದೆಂದೇ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವ ಜಾಗ ಅದು. ಅಲ್ಲಿ ಸಿಂಪಡಿಸುವ ಔಷಧಗಳು ನಿಮ್ಮ ಇರುವೆಗಳಿಗೂ ಕುತ್ತು.

ನಾನು ಹೇಳಿದ್ದೆಲ್ಲ ಗೊದ್ದಕ್ಕೆ ಸಲ್ಲುವ ಮಾತು. ಬೀಜ ಕೂಡಿಡುವ ಇರುವೆಗಳಿಗೆ ಒಣ ಕೋಣೆಗಳು ಹೆಚ್ಚು ಬೇಕು, ಇಲ್ಲದಿದ್ದರೆ ಕಾಳು ಮೊಳೆಯುತ್ತದೆ. ಮಾವಿನ ಮರದಲ್ಲಿ ಎಲೆ ಹೊಲಿದು ವಾಸಿಸುವ ಕೆಂಪಿರುವೆಗಳಿಗೆ ಬ್ಲಾಕಿನ ಗೂಡು ಒಗ್ಗುವುದಿಲ್ಲ.

ಬಳಗವನ್ನು ಸಾಗಿಸುವಾಗ ಟ್ಯೂಬನ್ನು ಅಲುಗಿಸಿ ಕೊಡವಬೇಡಿ. ಅದನ್ನು ಡಬ್ಬಿಯೊಳಗೆ ಬಾಯಿ ತೆರೆದು ಮಲಗಿಸಿ, ಟ್ಯೂಬಿಗೆ ಬೆಳಕು ಬೀಳುವಂತೆಯೂ ಗೂಡಿನ ಗಾಜಿಗೆ ದಪ್ಪ ಬಟ್ಟೆ ಹೊದಿಸಿ ಕತ್ತಲಿರುವಂತೆಯೂ ಮಾಡಿ ಕಾಯಿರಿ. ನನ್ನ ಈಗಿನ ಬಳಗ ಎಂಟು ದಿನ ಟ್ಯೂಬು ಬಿಟ್ಟು ಕದಲಲಿಲ್ಲ. ಒಂಬತ್ತನೆಯ ರಾತ್ರಿ ಹೊರಟಿತು. ಬೆಳಿಗ್ಗೆ ಬಟ್ಟೆ ಸರಿಸಿ ನೋಡಿದಾಗ ಕೋಶಗಳೆಲ್ಲ ಒಣ ತುದಿಯ ಕೋಣೆಯಲ್ಲಿ ಒಟ್ಟಾಗಿದ್ದವು, ಮೊಟ್ಟೆಗಳ ಸಣ್ಣ ಗುಡ್ಡೆಯೊಂದು ರಾಣಿಯ ಪಕ್ಕದಲ್ಲಿ ನೀರಿನ ಕಡೆಯ ಕೋಣೆಯಲ್ಲಿತ್ತು.