ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ 'ಲ್ಯಾಂಡ್ ಗರ್ಲ್ಸ್' (ಹೊಲದ ಕೆಲಸಕ್ಕೆ ಸೇರಿದ ಹುಡುಗಿಯರು) ನಡುವಿನ ಗೆಳೆತನ ಅಷ್ಟು ಗಟ್ಟಿಯಾಗಿದ್ದದ್ದು ಯಾಕೆ?

ಒಬ್ಬರನ್ನೊಬ್ಬರು ಬಿಟ್ಟರೆ ಅವರಿಗೆ ಅಲ್ಲಿ ಬೇರೆ ಯಾರೂ ಇರಲಿಲ್ಲ, ಅದೇ ಮುಖ್ಯ ಕಾರಣ.

ಗಂಡಸರು ಸೈನ್ಯಕ್ಕೆ ಹೋದಾಗ ಹೊಲದ ಕೆಲಸಕ್ಕೆ ಜನ ಬೇಕಾಯಿತು. ಅದಕ್ಕೆ 1939ರಲ್ಲಿ 'ವಿಮೆನ್ಸ್ ಲ್ಯಾಂಡ್ ಆರ್ಮಿ' ಎಂಬ ಹೆಂಗಸರ ಕೃಷಿ ಪಡೆಯನ್ನು ಮತ್ತೆ ಕಟ್ಟಿದರು, ಇದಕ್ಕೆ ಸೇರಿದವರೇ ಲ್ಯಾಂಡ್ ಗರ್ಲ್ಸ್. 1943ರ ಹೊತ್ತಿಗೆ ಅದರಲ್ಲಿ 80,000ಕ್ಕೂ ಹೆಚ್ಚು ಹೆಂಗಸರಿದ್ದರು. ಅಂಗಡಿಯಲ್ಲಿ, ಆಫೀಸಿನಲ್ಲಿ ಇದ್ದ ಎಷ್ಟೋ ಪೇಟೆ ಹುಡುಗಿಯರು ಹಸುವನ್ನು ಹತ್ತಿರದಿಂದ ನೋಡಿದವರೇ ಅಲ್ಲ, ಅಂಥವರು ಬೆಳಗಿನ ಜಾವ ಎದ್ದು ಹಾಲು ಕರೆಯಬೇಕು, ಚಳಿಯಲ್ಲಿ ಆಲೂಗಡ್ಡೆ ಕೀಳಬೇಕು, ಟ್ರ್ಯಾಕ್ಟರ್ ಓಡಿಸಬೇಕು, ಇಲಿ ಕೂಡ ಹಿಡಿಯಬೇಕು! 'ಈ ಹುಡುಗಿಯರ ಕೈಲಿ ಏನಾಗುತ್ತೆ' ಅಂತ ಮೂಗು ಮುರಿಯುವ ರೈತರು ಬೇರೆ. ಕೂಲಿಯೂ ಗಂಡಸರಿಗಿಂತ ಕಡಿಮೆ.

ಸಾವಿರಾರು ಮಂದಿ ಹಾಸ್ಟೆಲ್‌ಗಳಲ್ಲಿ ಒಟ್ಟಿಗೆ ಇರುತ್ತಿದ್ದರು. ಗೆಳೆತನ ಬೆಳೆದದ್ದು ಇಲ್ಲೇ. ಕೈ ಬೊಬ್ಬೆ ಬಂದಿದ್ದು, ಮನೆ ನೆನಪಾಗಿ ಅತ್ತಿದ್ದು, ಅಣ್ಣನ ಕಾಗದ ಬಾರದೆ ಹೆದರಿದ್ದು, ಇದನ್ನೆಲ್ಲ ವಿವರಿಸಿ ಹೇಳುವ ಅಗತ್ಯವೇ ಇರಲಿಲ್ಲ, ಪಕ್ಕದ ಮಂಚದವಳಿಗೂ ಅದೇ ಪಾಡು ತಾನೇ? ಧೈರ್ಯ ಅಂದರೆ ಒಬ್ಬೊಬ್ಬರ ಗುಣ ಅಂದುಕೊಳ್ಳುತ್ತೇವೆ. ಇಲ್ಲಿ ಮಾತ್ರ ಅದು ಜಾಸ್ತಿ ಹಂಚಿಕೊಂಡದ್ದು ಅಂತ ನನಗನ್ನಿಸುತ್ತೆ.

ಆದರೆ ಸರ್ಕಾರ ಸೈನಿಕರಿಗೆ ಕೊಟ್ಟಂತೆ ಇವರಿಗೆ ಯುದ್ಧಾನಂತರದ ಇನಾಮು ಕೊಡಲಿಲ್ಲ. ಅದನ್ನು ಪ್ರತಿಭಟಿಸಿ ಸಂಸ್ಥೆಯ ಮುಖ್ಯಸ್ಥೆ ಲೇಡಿ ಡೆನ್ಮನ್ 1945ರಲ್ಲಿ ರಾಜೀನಾಮೆಯನ್ನೇ ಕೊಟ್ಟರು.